ಜೋಳಿಗೆಯೂ ಹಾಜರಿ ಪುಸ್ತಕವೂ

ಮಹಾವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಮದ್ಯಪಾನವೂ ಮಾದಕ ಪದಾರ್ಥಗಳ ಸೇವನೆಯೂ ಬೆಳೆಯುತ್ತಿವೆಯೆಂಬ ಕಳವಳವನ್ನು ಇಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಪಾಲಕರ ಸಭೆಗಳಲ್ಲಿ ಕೇಳುತ್ತೇವೆ. ಕಳವಳ ಸಹಜವಾದುದು. ಆದರೆ ಅಂತಹ ಸಭೆಗಳಲ್ಲಿ ಹೆಚ್ಚಾಗಿ ಎರಡೇ ಮಾತುಗಳು ಹೊರಡುತ್ತವೆ: ಇದು ಹೊರಗಿನಿಂದ ಬಂದ ಪಿಡುಗು ಎಂಬುದೊಂದು, ಸಿಕ್ಕಿಬಿದ್ದವನನ್ನು ಸಂಸ್ಥೆಯಿಂದ ಹೊರಹಾಕಬೇಕೆಂಬುದು ಇನ್ನೊಂದು. ಇವೆರಡನ್ನೂ ಒಪ್ಪಲು ನಮ್ಮ ಮನಸ್ಸು ಹಿಂಜರಿಯುತ್ತದೆ.

ಹೊರಗಿನಿಂದ ಬಂತೆನ್ನುವವರು ಮೊದಲು ಬೆರಳು ತೋರುವುದು ವಿರೂಪಾಪುರ ಗಡ್ಡೆಯತ್ತ. ಹಂಪಿಯ ಎದುರಿಗೆ, ಗಂಗಾವತಿ ತಾಲೂಕಿಗೆ ಸೇರಿದ ಆ ತುಂಗಭದ್ರೆಯ ಗಡ್ಡೆಯು ವಿದೇಶೀ ಪ್ರವಾಸಿಗರ ತಂಗುದಾಣವಾಗಿ, ಅದರೊಂದಿಗೆ ಗಾಂಜಾದ ಅಪಕೀರ್ತಿಯನ್ನೂ ಹೊತ್ತಿದ್ದುದು ನಿಜ. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು, ಮಾರ್ಚ್ ತಿಂಗಳಲ್ಲಿ ಅಲ್ಲಿಯ ರೆಸಾರ್ಟುಗಳು ನೆಲಸಮವಾದವು. ಆ ತೀರ್ಪು ಅನಧಿಕೃತ ಕಟ್ಟಡಗಳನ್ನು ಕುರಿತದ್ದೇ ಹೊರತು ಗಾಂಜಾವನ್ನು ಕುರಿತದ್ದಲ್ಲ. ಜನರ ಬಾಯಲ್ಲಿ ಮಾತ್ರ ಎರಡೂ ಒಂದೇ ಆಗಿಬಿಟ್ಟವು. ಗಡ್ಡೆ ಬರಿದಾಯಿತು, ಕಳವಳ ಬರಿದಾಗಲಿಲ್ಲ. ಯಲಬುರ್ಗಾದ ಹಳ್ಳಿಯ ಹುಡುಗನು ಮೊದಲ ಗುಟುಕನ್ನು ಕಾಣುವುದು ವಿದೇಶೀಯನ ಕೈಯಲ್ಲಲ್ಲ. ಊರ ಮದುವೆಯ ಹಿಂದಿನ ರಾತ್ರಿ, ಚುನಾವಣೆಯ ವಾರದಲ್ಲಿ, ಬಸ್ ನಿಲ್ದಾಣದ ಮಗ್ಗುಲಿನ ಅಂಗಡಿಯಲ್ಲಿ, ಅನೇಕ ವೇಳೆ ತನ್ನ ಸೋದರಮಾವನ ಪಕ್ಕದಲ್ಲಿಯೇ.

ನಮ್ಮ ಸೀಮೆಗೆ ಈ ವ್ಯಾಪಾರ ಹೊಸದೂ ಅಲ್ಲ. ನಿಜಾಮರ ಆಳಿಕೆಯಲ್ಲಿ ಅಬಕಾರಿಯು ಸರಕಾರದ ಮುಖ್ಯ ಆದಾಯಗಳಲ್ಲೊಂದಾಗಿತ್ತು. 1950ರಲ್ಲಿ ಮುಂಬಯಿ ಪ್ರಾಂತದಲ್ಲಿ ಪಾನನಿಷೇಧ ಜಾರಿಗೆ ಬಂದಾಗ ಇಳಕಲ್ಲು ಅದರೊಳಗಿತ್ತು. ನೆರೆಯ ಕುಷ್ಟಗಿಯು ಹೈದರಾಬಾದು ರಾಜ್ಯದಲ್ಲಿತ್ತು. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಾರಾಯಿಯ ಪೊಟ್ಟಣವಿದ್ದ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂದಿತು. 2013ರಲ್ಲಿ ಗುಟಖಾ ನಿಷೇಧವಾದಾಗ ಅಂಗಡಿಯವನು ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆಬೇರೆ ಚೀಟಿಗಳಲ್ಲಿ ಕೊಟ್ಟ. ಕೊಂಡವನು ಅಂಗೈಯಲ್ಲಿ ಕೂಡಿಸಿಕೊಂಡ. ಇಪ್ಪತ್ತೊಂದು ವರ್ಷ ತುಂಬದವರಿಗೆ ಮದ್ಯ ಮಾರಕೂಡದೆಂಬ ನಿಯಮವನ್ನು ಹದಿನೆಂಟಕ್ಕೆ ಇಳಿಸುವ ಕರಡನ್ನು ಸರಕಾರವೇ 2023ರ ಆರಂಭದಲ್ಲಿ ಹೊರಡಿಸಿ, ಆಕ್ಷೇಪಣೆಗಳು ಬಂದ ಮೇಲೆ ಕೈಬಿಟ್ಟಿತು. ಹದಿನೆಂಟೆಂದರೆ ಪದವಿಯ ಮೊದಲ ವರ್ಷ. ಆ ವಯಸ್ಸಿನಲ್ಲಿ ವಿವೇಚನೆಯನ್ನು ನಡೆಸುವ ಮೆದುಳಿನ ಭಾಗ ಇನ್ನೂ ಬೆಳೆಯುತ್ತಲೇ ಇರುತ್ತದೆಂದೂ, ಎಳೆತನದಲ್ಲಿ ಆರಂಭಿಸಿದವನಿಗೆ ಚಟ ಅಂಟುವ ಸಂಭವ ಹೆಚ್ಚೆಂದೂ ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಕರಡನ್ನು ಬರೆದ ಕೈಗಳಿಗೆ ಇದು ತಿಳಿಯದೆ ಇದ್ದೀತೆ?

ಇನ್ನು ಎರಡನೆಯ ಮಾತು. ಇದಕ್ಕೆ ಇಳಕಲ್ಲಿನತ್ತಲೇ ಮತ್ತೆ ನೋಡಬೇಕಾಗಿದೆ. ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದ್ದು ಕಾಳನ್ನಲ್ಲ, ಕಾಸನ್ನಲ್ಲ. ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರೆಂದು ಬೇಡಿದರು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಜೋಳಿಗೆ ಅವರ ಹೆಸರಿನೊಡನೆಯೇ ಇತ್ತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನಮ್ಮ ಶಾಲೆಗಳಲ್ಲಿಯೂ ಅಂದು ಪ್ರಭಾತಫೇರಿ, ಪ್ರತಿಜ್ಞೆ, ಭಾಷಣಗಳು ನಡೆಯುತ್ತವೆ. ಆದರೆ ಜೋಳಿಗೆಯ ಮರ್ಮ ಭಾಷಣದಲ್ಲಿಲ್ಲ. ಬೇಡುವವನು ಬಾಗಿಲಿಗೆ ತಾನೇ ಬರುತ್ತಾನೆ, ಬೈಯುವುದಿಲ್ಲ, ಕೊಟ್ಟವನ ಮಾನವನ್ನು ಕಳೆಯುವುದಿಲ್ಲ. ನಮ್ಮ ಹಾಜರಿ ಪುಸ್ತಕವು ಮಾಡುವುದು ಇದಕ್ಕೆ ನೇರ ವಿರುದ್ಧವಾದ ಕೆಲಸ. ಸಿಕ್ಕಿಬಿದ್ದ ಹುಡುಗನ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುತ್ತೇವೆ. ಸಂಸ್ಥೆಯ ಹೆಸರು ಉಳಿಯಿತೆಂದು ಸಮಾಧಾನಪಡುತ್ತೇವೆ. ಅಂದಿನಿಂದ ಅವನಿಗೆ ಊಟದ ವೇಳೆಯಿಲ್ಲ, ಮಲಗುವ ವೇಳೆಯಿಲ್ಲ, ಕೇಳುವ ಗುರುವಿಲ್ಲ. ಕುಡಿಯುವ ಗೆಳೆಯರು ಮಾತ್ರ ಇದ್ದಾರೆ. ಇದನ್ನು ಶಿಸ್ತೆಂದು ಕರೆಯುವುದು ನಮಗೆ ಸಾಧ್ಯವಾಗುತ್ತಿಲ್ಲ. ಮಾರುವವನ ಮಾತು ಬೇರೆ. ಅವನನ್ನು ಕಾನೂನಿಗೆ ಒಪ್ಪಿಸಬೇಕು.

ಪ್ರತಿಜ್ಞೆಯೊಂದೇ ಸಾಲದೆಂಬುದನ್ನೂ ಹೇಳಲೇಬೇಕು. ದಿನವೂ ಕುಡಿಯುವ ಹಂತಕ್ಕೆ ಹೋದವನು ಒಮ್ಮೆಗೇ ಬಿಟ್ಟರೆ ಕೈನಡುಕ, ಸೆಳವು, ಚಿತ್ತಭ್ರಮೆಗಳು ಬರಬಹುದು. ಅವು ಪ್ರಾಣಕ್ಕೂ ಎರವಾಗಬಹುದು. ಅವನಿಗೆ ವೈದ್ಯನ ಕಣ್ಗಾವಲು ಬೇಕು. ಕೊಪ್ಪಳದಲ್ಲಿಯೇ ಈಗ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. 14446 ಎಂಬ ಸಂಖ್ಯೆಗೆ ಕರೆಮಾಡಿದರೆ ಸಲಹೆ ದೊರೆಯುತ್ತದೆ. ಗಾಂಜಾ ಸೇದುವವನು ಆಸ್ಪತ್ರೆಗೆ ಬರಲು ಅಂಜುವುದು ಪೊಲೀಸರಿಗೆ. 1985ರ ಮಾದಕ ದ್ರವ್ಯ ಕಾಯಿದೆಯ 64-ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧದ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರ್ಣಗೊಳಿಸಿದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಈ ಕಲಮನ್ನು ಬಲ್ಲ ಅಧ್ಯಾಪಕರು ನಮ್ಮಲ್ಲಿ ಎಷ್ಟು ಮಂದಿ?

ಕುಡಿತದ ಏಟು ಕುಡಿಯದ ವಿದ್ಯಾರ್ಥಿಗೂ ಬೀಳುತ್ತದೆ. ಶುಲ್ಕದ ಹಣವನ್ನು ತಂದೆಯು ಅಂಗಡಿಗೆ ಕೊಟ್ಟ ಮನೆಯಲ್ಲಿ ಮೊದಲು ಶಾಲೆ ಬಿಡುವವಳು ಮಗಳು. 2019ರ ಜನವರಿಯಲ್ಲಿ ಮದ್ಯನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಗ್ರಾಮೀಣ ಮಹಿಳೆಯರು ಈ ಲೆಕ್ಕವನ್ನು ಯಾವ ಅರ್ಥಶಾಸ್ತ್ರಜ್ಞನಿಗಿಂತ ಚೆನ್ನಾಗಿ ಬಲ್ಲವರು.

ದಾನಿಗಳಲ್ಲಿ ಒಂದು ಬಿನ್ನಹ, ಕಹಿಯೆನಿಸಿದರೂ. ಮದ್ಯದ ವ್ಯಾಪಾರವೂ ವಿದ್ಯಾದಾನವೂ ಒಂದೇ ಮನೆಯಿಂದ ನಡೆಯುವುದು ನಮ್ಮ ರಾಜ್ಯದಲ್ಲಿ ಅಪರೂಪವಲ್ಲ. ಅಂತಹ ಹಣದಿಂದ ಎದ್ದ ಕೊಠಡಿಯ ಗೋಡೆಯ ಮೇಲೆ ದಾನಿಯ ಹೆಸರಿರುತ್ತದೆ, ಅದರ ಕೆಳಗೆ ಮದ್ಯಪಾನ ನಿಷಿದ್ಧವೆಂಬ ಫಲಕ. ವಿದ್ಯಾರ್ಥಿಗಳು ಎರಡನ್ನೂ ಓದಬಲ್ಲರು. ಆಡಳಿತ ಮಂಡಳಿಗಳು ಇಂತಹ ದಾನವನ್ನು ವಿನಯದಿಂದ ಹಿಂದಿರುಗಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಉಳಿದ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಮತ್ತೊಂದು ಕೊಠಡಿಯ ಬದಲು ಒಬ್ಬ ಮನೋವೈದ್ಯರು ತಿಂಗಳಿಗೆರಡು ಸಲ ವಸತಿ ನಿಲಯಕ್ಕೆ ಬಂದುಹೋಗುವ ವೆಚ್ಚವನ್ನು ಹೊತ್ತರೆ ಸಾಕು. ಪ್ರವೇಶಪತ್ರದಲ್ಲಿ, ತಪ್ಪಿದವರನ್ನು ಹೊರಹಾಕಲಾಗುವುದೆಂಬ ಅಚ್ಚಿನ ಸಾಲಿನ ಕೆಳಗೆ ಇನ್ನೊಂದು ಸಾಲಿಗೆ ಸ್ಥಳವುಂಟು: ತಾನಾಗಿ ಬಂದು ಹೇಳಿಕೊಂಡು ಚಿಕಿತ್ಸೆಗೆ ಹೋದವನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುವುದು, ಹಾಸಿಗೆಯೂ ಊಟವೂ ಅವನಿಗಾಗಿ ಕಾದಿರುವವು ಎಂದು. ಬರುವ ಜೂನ್ ತಿಂಗಳ ಪ್ರವೇಶಪತ್ರಗಳು ಇನ್ನೂ ಮುದ್ರಣಕ್ಕೆ ಹೋಗಬೇಕಷ್ಟೆ.