ಖರ್ಚಾಗಿದೆ ಅಂದರೆ ಕೆಲಸ ಆಗಿದೆ ಅಂತಲ್ಲ

ಮಾರ್ಚ್ ಹತ್ತಿರ ಬಂತೆಂದರೆ ನಮ್ಮ ಹಳ್ಳಿಗಳಿಗೆ ಜೆಸಿಬಿ, ಕಾಂಕ್ರೀಟ್ ಮಿಕ್ಸರ್ ಎರಡೂ ಒಟ್ಟಿಗೆ ಬರುತ್ತವೆ. ವರ್ಷವಿಡೀ ಮುಖ ತೋರಿಸದ ಎಂಜಿನಿಯರ್ ಸಾಹೇಬರು ಆಗ ದಿನಕ್ಕೆ ಎರಡು ಸಲ ಕಾಣುತ್ತಾರೆ. ಕಾರಣ ಎಲ್ಲರಿಗೂ ಗೊತ್ತಿದೆ. 31ನೇ ತಾರೀಖಿನೊಳಗೆ ಬಿಲ್ ಆಗದಿದ್ದರೆ ಅನುದಾನ ವಾಪಸ್ ಹೋಗುತ್ತದೆ ಅನ್ನುವ ಭಯ. ಊರಿಗೆ ಏನು ಬೇಕು ಅಂತ ಆಗ ಯಾರೂ ಕೇಳುವುದಿಲ್ಲ. ಉಳಿದ ದುಡ್ಡನ್ನು ಯಾವುದರಲ್ಲಿ ಮುಗಿಸೋಣ ಅಂತ ಕೇಳುತ್ತಾರೆ. ಉತ್ತರ ಬಹಳ ಸಲ ಒಂದೇ: ಸಿಸಿ ರಸ್ತೆ. ಅಳೆಯುವುದು ಸುಲಭ, ಫೋಟೊ ಹೊಡೆಯುವುದು ಸುಲಭ, ಬಿಲ್ ಬರೆಯುವುದು ಇನ್ನೂ ಸುಲಭ.

ನಾವು ಜಿಲ್ಲೆಯಲ್ಲಿ ಸುದ್ದಿಗಾಗಿ ಊರೂರು ತಿರುಗುವ ಮಂದಿ. ಒಂದೇ ಓಣಿಯ ಕಥೆ ಎಷ್ಟು ಊರಲ್ಲಿ ನೋಡಿದ್ದೇವೋ ಲೆಕ್ಕವಿಲ್ಲ. ಮೊದಲು ಸಿಸಿ ರಸ್ತೆ ಹಾಕುತ್ತಾರೆ. ರಸ್ತೆ ಎತ್ತರವಾಗಿ ಮಳೆ ನೀರು ಮನೆಯೊಳಗೆ ನುಗ್ಗುತ್ತದೆ. ಮುಂದಿನ ವರ್ಷ ಅದೇ ರಸ್ತೆಯ ಅಂಚು ಒಡೆದು ಚರಂಡಿ ಮಾಡುತ್ತಾರೆ. ಅದರ ಮರುವರ್ಷ ನಲ್ಲಿ ಪೈಪಿಗಾಗಿ ನಡುವೆಯೇ ಕತ್ತರಿಸುತ್ತಾರೆ. ಮುಚ್ಚಿದ ಕಡೆ ಎರಡು ಬುಟ್ಟಿ ಮಣ್ಣು. ಮೂರು ಕೆಲಸ, ಮೂರು ಎಸ್ಟಿಮೇಟು, ಮೂರು ನಾಮಫಲಕ. ಮನೆ ಕಟ್ಟುವ ಬಡವ ಕೂಡ ಮೊದಲು ಪೈಪ್ ಹಾಕಿಸಿ ಆಮೇಲೆ ನೆಲಕ್ಕೆ ಸಿಮೆಂಟ್ ಹಾಕಿಸುತ್ತಾನೆ. ಅಷ್ಟು ಬುದ್ಧಿ ಸರ್ಕಾರಿ ಇಲಾಖೆಗಳಿಗೆ ಬರಬಾರದೇ?

ಕುಡಿಯುವ ನೀರಿನ ವಿಷಯಕ್ಕೆ ಬನ್ನಿ, ಹೊಟ್ಟೆ ಉರಿಯುವುದು ಅಲ್ಲಿಯೇ. ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ ಅಂತ ದಶಕಗಳಿಂದ ಕೇಳುತ್ತಿದ್ದೇವೆ. ಅದಕ್ಕೆ ಪರಿಹಾರ ಅಂತ ರಾಜ್ಯದ ತುಂಬ ಸಾವಿರಾರು ಶುದ್ಧ ನೀರಿನ ಘಟಕ ಕಟ್ಟಿದರು. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುವ ಘಟಕ. ಒಳ್ಳೆಯ ಕೆಲಸವೇ, ನಾವೇ ಆಗ ಹೊಗಳಿ ಬರೆದಿದ್ದೇವೆ. ಆದರೆ ಫಿಲ್ಟರ್ ಮೆಂಬ್ರೇನ್ ಬದಲಿಸುವವರು ಯಾರು? ಕರೆಂಟ್ ಬಿಲ್ ಯಾರ ತಲೆಗೆ? ಮೋಟಾರು ಸುಟ್ಟರೆ ಯಾರಿಗೆ ಫೋನ್ ಮಾಡಬೇಕು? ಇದನ್ನೆಲ್ಲ ಕಟ್ಟುವಾಗಲೇ ಬರೆದಿಡಲಿಲ್ಲ. ಈಗ ಎಷ್ಟೋ ಊರಲ್ಲಿ ಘಟಕದ ಬಾಗಿಲಿಗೆ ಬೀಗ, ಒಳಗೆ ಹಲ್ಲಿ, ಹೊರಗೆ ಶಾಸಕರ ಹೆಸರಿನ ಫಲಕ ಮಾತ್ರ ಹೊಳೆಯುತ್ತಿದೆ. ಅದೇ ಊರಿನ ಬಾಗಿಲಿಗೆ ಹೊಸ ಸ್ವಾಗತ ಕಮಾನು, ಸರ್ಕಲ್ಲಿಗೆ ಹೈಮಾಸ್ಟ್ ದೀಪ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದಂಗಾಯ್ತು.

ಜಲ ಜೀವನ್ ಮಿಷನ್ನಿನದೂ ಅದೇ ದಾರಿ ಆಗದಿರಲಿ ಅಂತ ನಮ್ಮ ಆತಂಕ. 2019ರಲ್ಲಿ ಘೋಷಣೆಯಾಗಿದ್ದು, ತಲೆಗೆ ದಿನಕ್ಕೆ 55 ಲೀಟರ್ ನೀರು ಅನ್ನುವ ಲೆಕ್ಕ. 2024ಕ್ಕೆ ಮುಗಿಯಬೇಕಿದ್ದದ್ದು 2028ಕ್ಕೆ ಹೋಯಿತು. ನಲ್ಲಿ ಕೂಡಿಸಿದ ಮೇಲೆ ಅದನ್ನು ನಡೆಸುವ ಹೊಣೆ ಗ್ರಾಮ ಪಂಚಾಯಿತಿಯದ್ದು. ಕೆಳಗೆ ನೀರೇ ಇಲ್ಲದ ಬೋರಿಗೆ ಮೇಲೆ ಚೆಂದದ ನೀಲಿ ಪೈಪ್ ಜೋಡಿಸಿ ಏನು ಮಾಡುವುದು?

ಈಗ ದೊಡ್ಡ ಲೆಕ್ಕ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂದಿತು. ಆ ವರದಿಯ ದೊಡ್ಡತನ ಏನೆಂದರೆ ಅದು ಜಿಲ್ಲೆಯನ್ನಲ್ಲ, ತಾಲೂಕನ್ನು ಅಳೆಯಿತು. ದೇವದುರ್ಗದ ಕಷ್ಟ ಬೇರೆ, ಸಿಂಧನೂರಿನ ಕಷ್ಟ ಬೇರೆ ಅಂತ ಕಾಗದದ ಮೇಲಾದರೂ ಬಂತು. ಎಂಟು ವರ್ಷದಲ್ಲಿ 31,000 ಕೋಟಿ ಹಾಕಿ ಅಂತ ಸಲಹೆ ಕೊಟ್ಟಿತು. ಎಂಟು ವರ್ಷದ ಮಾತು ಅದು. ಎಂಟು ಮುಗಿದು ಎಷ್ಟು ವರ್ಷ ಆಯಿತು ನೀವೇ ಎಣಿಸಿ. ನಾವಿನ್ನೂ ಅದೇ ಪಟ್ಟಿ ಹಿಡಿದುಕೊಂಡೇ ಹಣ ಕೇಳಿದೆವು.

ಆಮೇಲೆ 371(ಜೆ) ಬಂತು. ಸಂಸತ್ತು 2012ರ ಡಿಸೆಂಬರಿನಲ್ಲಿ ಒಪ್ಪಿತು. ಅದಕ್ಕಾಗಿ ಈ ಭಾಗದ ಜನ ದಶಕಗಳ ಹೋರಾಟ ಮಾಡಿದ್ದಾರೆ, ಅದನ್ನು ಹಗುರವಾಗಿ ಆಡುವ ಹಕ್ಕು ಯಾರಿಗೂ ಇಲ್ಲ. ಮಂಡಳಿಯಾಯಿತು, 2019ರಲ್ಲಿ ಹೈದರಾಬಾದ್ ಹೋಗಿ ಕಲ್ಯಾಣ ಅಂತ ಹೆಸರಾಯಿತು. 2024-25ರ ಬಜೆಟ್ಟಿನಲ್ಲಿ ಮಂಡಳಿಗೆ ಇಟ್ಟಿದ್ದು 5,000 ಕೋಟಿ. ಏಳು ಜಿಲ್ಲೆಗೆ ಸಮ ಹಂಚಿದರೂ ಒಂದೊಂದಕ್ಕೆ 700 ಕೋಟಿಗೂ ಮೇಲೆ. ಇಷ್ಟಾಗಿಯೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ 2024ರಲ್ಲಿ ಕೊನೆಯ ಜಿಲ್ಲೆ ಯಾದಗಿರಿ, 2025ರಲ್ಲಿ ಕೊನೆಯ ಜಿಲ್ಲೆ ಕಲಬುರಗಿ. ಶಾಲೆಗೆ ಕೊಠಡಿ ಬಂದಷ್ಟು ಸಲೀಸಾಗಿ ಗಣಿತ, ಇಂಗ್ಲಿಷ್ ಮೇಷ್ಟ್ರು ಬರಲಿಲ್ಲ. ಕೊಠಡಿಗೆ ಗುತ್ತಿಗೆದಾರ ಸಿಗುತ್ತಾನೆ, ಮೇಷ್ಟ್ರಿಗೆ ಟೆಂಡರ್ ಕರೆಯಲು ಬರುವುದಿಲ್ಲವಲ್ಲ!

"ಹಂಗಾದರೆ ಹಿಂದುಳಿದ ಭಾಗಕ್ಕೆ ದುಡ್ಡೇ ಬೇಡ ಅಂತೀರಾ?" ಅಂತ ಕೇಳುವವರಿದ್ದಾರೆ. ಅಲ್ಲ. ದುಡ್ಡು ಬೇಕು. ಆದರೆ ಎಷ್ಟು ಕೋಟಿ ಬಂತು ಅನ್ನುವುದನ್ನೇ ಸಾಧನೆ ಅಂತ ಬ್ಯಾನರ್ ಕಟ್ಟುವುದನ್ನು ನಾವು ಒಪ್ಪುವುದಿಲ್ಲ. ಬಂದದ್ದು ಜನರ ತೆರಿಗೆ. ಬೆಂಕಿಪೊಟ್ಟಣ ಕೊಂಡ ಮುದುಕಿಯೂ ಕಟ್ಟಿದ ತೆರಿಗೆ ಅದು. ಅದನ್ನು ಮನೆ ದುಡ್ಡಿನಂತೆ ಖರ್ಚು ಮಾಡಿ ಅಂದರೆ ಅಭಿವೃದ್ಧಿ ವಿರೋಧಿ ಅನ್ನುತ್ತಾರೆ. ಅನ್ನಲಿ.

ಇನ್ನೊಂದು ಮಾತು, ಇದನ್ನು ಕಡಿಮೆ ಜನ ಕೇಳುತ್ತಾರೆ. ಯೋಜನೆ ಮಾಡಬೇಕಾದವರು ಯಾರು? ಸಂವಿಧಾನದ 243 ಝಡ್‌ಡಿ ಪ್ರಕಾರ ಪ್ರತಿ ಜಿಲ್ಲೆಗೆ ಯೋಜನಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಜಿಲ್ಲಾ ಪಂಚಾಯಿತಿಗೆ, ನಗರಸಭೆ-ಪುರಸಭೆಗಳಿಗೆ ಆರಿಸಿ ಬಂದವರ ನಡುವಿನಿಂದಲೇ ಆಯ್ಕೆ ಆಗಬೇಕು. ಹಳ್ಳಿಯ ಪಟ್ಟಿ ತಾಲೂಕಿಗೆ, ತಾಲೂಕಿನದು ಜಿಲ್ಲೆಗೆ, ಅಲ್ಲಿ ಎಲ್ಲ ಸೇರಿಸಿ ಒಂದು ಯೋಜನೆ. ಪೈಪ್ ಮೊದಲೋ ರಸ್ತೆ ಮೊದಲೋ ಅಂತ ತೀರ್ಮಾನ ಆಗಬೇಕಿದ್ದ ಜಾಗ ಅದು. ಆದರೆ ನಮ್ಮ ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ಆಗಿದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕು ಅಂತ ಸಂವಿಧಾನವೇ ಹೇಳುತ್ತದೆ. ಕ್ಷೇತ್ರ ವಿಂಗಡಣೆಯ ಕೆಲಸವನ್ನು ಚುನಾವಣಾ ಆಯೋಗದ ಕೈಯಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟರು. ಆಮೇಲೆ ಮೀಸಲಾತಿ, ಆಮೇಲೆ ಕೋರ್ಟು. ಆಗ ಬಿಜೆಪಿ ಸರ್ಕಾರ, 2023ರ ನಂತರ ಕಾಂಗ್ರೆಸ್ ಸರ್ಕಾರ. ಈ ಒಂದು ವಿಷಯದಲ್ಲಿ ಎರಡೂ ಪಕ್ಷಕ್ಕೆ ಅವಸರ ಇರಲಿಲ್ಲ. ಶಾಸಕರಿಗೆ ಜಿಲ್ಲಾ ಪಂಚಾಯಿತಿ ಸದಸ್ಯ ಅಂದರೆ ಪಾಲುದಾರ, ನಾಳೆಗೆ ಎದುರಾಳಿ. ಇಲ್ಲದಿದ್ದರೇ ನೆಮ್ಮದಿ.

ಪರಿಣಾಮ ಏನಾಯಿತು? ಕಡತಕ್ಕೆ ಸಹಿ ಹಾಕುವವರು ಆಡಳಿತಾಧಿಕಾರಿ, ಪಟ್ಟಿ ಕೊಡುವವರು ಶಾಸಕರು, ಮಂಡಳಿಯ ಅಧ್ಯಕ್ಷರನ್ನು ನೇಮಿಸುವವರು ಬೆಂಗಳೂರಿನವರು. ಅಧಿಕಾರಿಗೆ ಎರಡು ವರ್ಷದಲ್ಲಿ ವರ್ಗ. ಬಿರುಕು ಬಿಟ್ಟ ರಸ್ತೆಯ ಮುಂದೆ ನಿಲ್ಲಿಸಿ ಕೇಳಲು ಒಬ್ಬರೂ ಸಿಗುವುದಿಲ್ಲ.

ಊರವರ ಕಡೆಗೂ ಒಂದು ಮಾತು ಹೇಳದಿದ್ದರೆ ಏಕಪಕ್ಷೀಯ ಆಗುತ್ತದೆ. ಮನೆ ಕಂದಾಯ, ನೀರಿನ ಕರ ಕೇಳಲು ಬಿಲ್ ಕಲೆಕ್ಟರ್ ಬಂದರೆ "ಮುಂದಿನ ತಿಂಗಳು ಬಾ" ಅನ್ನುವ ಮನೆಗಳೇ ಹೆಚ್ಚು. ಮೊಬೈಲ್ ರೀಚಾರ್ಜಿಗೆ ಮುಂದಿನ ತಿಂಗಳು ಇಲ್ಲ, ಪಂಚಾಯಿತಿಗೆ ಮಾತ್ರ ಇದೆ. ಕೈಯಿಂದ ಕೊಟ್ಟ ನೂರು ರೂಪಾಯಿಗೆ ಲೆಕ್ಕ ಕೇಳುವ ದನಿ ಬೇರೆಯೇ ಇರುತ್ತದೆ. ಮೇಲಿಂದ ಬಂದ ಲಕ್ಷಕ್ಕೆ ಆ ದನಿ ಹೊರಡುವುದಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಪಾಲು ನೀರು, ನೈರ್ಮಲ್ಯಕ್ಕೇ ಅಂತ ಕಟ್ಟುಪಾಡು ಇತ್ತು. ಸ್ವಂತ ವಸೂಲಿ ಇಲ್ಲದ ಪಂಚಾಯಿತಿ ಸುಟ್ಟ ಮೋಟಾರು ಕಟ್ಟಿಸಲೂ ಮೇಲೆ ನೋಡುತ್ತಾ ಕೂರಬೇಕು.

ನಾವು ಕೇಳುವುದು ದೊಡ್ಡದೇನಲ್ಲ. ಊರಲ್ಲಿ ಕೆಟ್ಟು ನಿಂತಿರುವ ಘಟಕ, ಟ್ಯಾಂಕು, ಶಾಲೆ ಶೌಚಾಲಯ ರಿಪೇರಿ ಆಗುವ ತನಕ ಹೊಸ ಕಮಾನು, ಹೊಸ ಭವನಕ್ಕೆ ಗ್ರಾಮ ಸಭೆಯಲ್ಲಿ ಒಪ್ಪಿಗೆ ಕೊಡಬೇಡಿ. ಹೊಸ ಕಾಮಗಾರಿಯ ಪಟ್ಟಿ ಓದಿದಾಗ "ಇದನ್ನು ಐದು ವರ್ಷ ನಡೆಸಲು ವರ್ಷಕ್ಕೆ ಎಷ್ಟು ಬೇಕು, ಎಲ್ಲಿಂದ?" ಅಂತ ಕೇಳಿ, ಪಿಡಿಒ ಕೊಟ್ಟ ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಇ-ಗ್ರಾಮ ಸ್ವರಾಜ್ ಆ್ಯಪ್ ನಿಮ್ಮ ಫೋನಿನಲ್ಲೇ ತೆರೆಯುತ್ತದೆ. ಪಂಚಾಯಿತಿ ಹೆಸರು ಒತ್ತಿದರೆ ಯೋಜನೆ, ಖರ್ಚು ಎರಡೂ ಕಾಣುತ್ತವೆ. ಅಲ್ಲಿ ಬರೆದ ಕೆಲಸ ನಿಮ್ಮ ಓಣಿಯಲ್ಲಿ ಇಲ್ಲದಿದ್ದರೆ ಫೋಟೊ ತೆಗೆದು ನಮಗೆ ಕಳಿಸಿ. ನಾವು ಬಂದು ನೋಡುತ್ತೇವೆ.