ಅಜ್ಜಿಯ ಶುಕ್ರ, ಮಗಳ ಕಣ್ಣುಪಟ್ಟಿ

ಕಳೆದ ರಜೆಯಲ್ಲಿ ಅಡಿಲೇಡ್‌ನಿಂದ ಸುಮಾರು 850 ಕಿ.ಮೀ. ದೂರದ ಕೂಬರ್ ಪೀಡಿಗೆ ಹೋಗಿದ್ದೆವು. ಬಿಸಿಲಿನ ಕಾಟಕ್ಕೆ ಜನ ನೆಲದಡಿಯಲ್ಲೇ ಮನೆ ಕೊರೆದುಕೊಂಡಿರುವ ಊರು. 1915ರಲ್ಲಿ ಅಪ್ಪನ ಜೊತೆ ಚಿನ್ನ ಹುಡುಕಲು ಬಂದಿದ್ದ ಹುಡುಗನೊಬ್ಬನಿಗೆ ಅಲ್ಲಿ ಸಿಕ್ಕಿದ್ದು ಓಪಲ್. ನನ್ನ ಏಳು ವರ್ಷದ ಮಗಳೂ ಅಂಗಡಿಯಲ್ಲಿ ಹುಣಸೆಬೀಜದಷ್ಟು ದೊಡ್ಡದೊಂದು ಆರಿಸಿಕೊಂಡಳು. ಹೀಗೆ ಹಿಡಿದರೆ ಹಸಿರು, ಹಾಗೆ ತಿರುಗಿಸಿದರೆ ನೀಲಿ.

ರಾತ್ರಿ ವಿಡಿಯೋ ಕಾಲ್‌ನಲ್ಲಿ ಹಾಸನದಿಂದ ನನ್ನಮ್ಮ ನೋಡಿದರು. "ಶುಕ್ರನ ಕಲ್ಲು ಕಣೇ ಅದು. ಉಂಗುರ ಮಾಡಿಸು, ಮಗೂಗೆ ಒಳ್ಳೇದಾಗುತ್ತೆ."

"ಕಣ್ಣಿಗೂನಾ ಅಜ್ಜಿ?"

"ಎಲ್ಲದಕ್ಕೂ ಪುಟ್ಟಿ."

ಅವಳ ಎಡಗಣ್ಣು ಸೋಮಾರಿ. ದಿನಾ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ ಹಾಕಬೇಕು. ಮರುದಿನ ಪಟ್ಟಿ ತಂದರೆ, "ಕಲ್ಲು ಇದೆಯಲ್ಲ, ಪಟ್ಟಿ ಬೇಡ" ಎಂದು ಮುಖ ತಿರುಗಿಸಿದಳು.

ನನ್ನ ಬಾಯಿಗೆ ಬಂದದ್ದು ಇಂಗ್ಲಿಷ್ ಉತ್ತರ. ನುಂಗಿಕೊಂಡೆ. ನಂಬಿಕೆಯನ್ನೆಲ್ಲ ಕನ್ನಡದಲ್ಲಿ, ವಿಜ್ಞಾನವನ್ನೆಲ್ಲ ಇಂಗ್ಲಿಷಿನಲ್ಲಿ ಕೇಳುತ್ತ ಬೆಳೆದ ಮಗು ಕನ್ನಡದ ಬಗ್ಗೆ ಏನಂದುಕೊಂಡೀತು? ನಂಬಿಕೆ ನಮ್ಮವರ ಸ್ವತ್ತೇನಲ್ಲ. ಓಪಲ್ ಎಂಬ ಹೆಸರು ಸಂಸ್ಕೃತದ 'ಉಪಲ'ದಿಂದ ಬಂದಿರಬೇಕು ಎನ್ನುತ್ತಾರೆ. ಆದರೆ ಅದು ಕಣ್ಣಿಗೆ ಒಳ್ಳೆಯದು, ಕಳ್ಳರನ್ನು ಮಾಯ ಮಾಡುತ್ತದೆ ಎಂದು ನಂಬಿದ್ದು ಮಧ್ಯಯುಗದ ಯೂರೋಪು. 1829ರಲ್ಲಿ ವಾಲ್ಟರ್ ಸ್ಕಾಟ್‌ನ ಕಾದಂಬರಿಯೊಂದು ಬಂದ ಮೇಲೆ ಅದೇ ಕಲ್ಲಿಗೆ ಅಪಶಕುನದ ಪಟ್ಟ ಸಿಕ್ಕಿತಂತೆ!

ಊರಿಗೆ ಮರಳಿದ ಮೇಲೆ ರವೆ ಉಂಡೆ ಕಟ್ಟಿ, ಅವಳ ಕೈಲೇ ತಟ್ಟೆಯಲ್ಲಿ ಸಾಲಾಗಿ ಜೋಡಿಸಿಸಿದೆ. ಓಪಲ್ ಒಳಗೂ ಹೀಗೇ, ಸಿಲಿಕಾದ ಉಂಡೆಗಳು. ಒಂದು ಮಿಲಿಮೀಟರಿನಲ್ಲಿ ನಾಲ್ಕೈದು ಸಾವಿರ ಹಿಡಿಸುವಷ್ಟು ಚಿಕ್ಕವು. ಈ ಸಾಲುಗಳಿಗೆ ಬಡಿದು ಬರುವಾಗ ಬೆಳಕಿನ ಬಣ್ಣಗಳು ಬೇರೆಬೇರೆ ದಿಕ್ಕು ಹಿಡಿಯುತ್ತವೆ. ಉಂಡೆ ಸಣ್ಣದಾದರೆ ನೀಲಿ. ಕೆಂಪು ಬೇಕೆಂದರೆ ಉಂಡೆ ದೊಡ್ಡದಿರಬೇಕು. ಸಾಲು ಕೆಟ್ಟರೆ ಬಣ್ಣವೇ ಇಲ್ಲ. (ಅವಳು ಒಂದು ಉಂಡೆ ತಿಂದು ಸಾಲು ಕೆಡಿಸಿ ತೋರಿಸಿದಳು.)

"ಕಲ್ಲು ಕಣ್ಣಿಗೆ ಬಣ್ಣ ಕಳಿಸುತ್ತೆ, ಅಷ್ಟೇ. ಪಟ್ಟಿ ಹಾಕಿದರೆ ನಿನ್ನ ಮೆದುಳು ಎಡಗಣ್ಣಿನ ಮಾತೂ ಕೇಳೋದು ಕಲಿಯುತ್ತೆ" ಎಂದೆ. ಗೊಣಗುತ್ತಲೇ ಹಾಕಿಸಿಕೊಂಡಳು.

ಭಾನುವಾರ ಅಜ್ಜಿಗೆ ಅವಳೇ ಪಾಠ ಮಾಡಿದಳು.

"ಕಲ್ಲೊಳಗೆ ಉಂಡೇನಾ? ಯಾರು ಕಟ್ಟಿದ್ರಂತೆ?"

"ನೀರು, ಅಜ್ಜಿ! ನೆಲದೊಳಗಿನ ನೀರು. ನಿಧಾನಕ್ಕೆ."

ಅಮ್ಮ ಉಂಗುರದ ಮಾತು ಬಿಟ್ಟಿಲ್ಲ. ಮಾಡಿಸೋಣ ಎಂದಿದ್ದೇನೆ, ಚೆಂದಕ್ಕೆ.