ಜಾಗ್ವಾರ್ ವಿಮಾನಗಳ ಬಿಡಿಭಾಗಗಳ ಪ್ರಶ್ನೆ

ಪರದೇಶಗಳು ಸೇವೆಯಿಂದ ತೆಗೆದಿರಿಸಿದ ವಿಮಾನಗಳನ್ನು ತರಿಸಿ, ಅವನ್ನು ಬಿಚ್ಚಿ, ಅವುಗಳ ಭಾಗಗಳಿಂದ ತನ್ನ ವಿಮಾನಗಳನ್ನು ಹಾರಿಸಬೇಕಾದ ಸ್ಥಿತಿಯು ಭಾರತೀಯ ವಾಯುದಳಕ್ಕೆ ಒದಗಿ ಕೆಲವು ವರ್ಷಗಳೇ ಸಂದಿವೆ. ಫ್ರಾನ್ಸು ತನ್ನ 31 ಹಳೆಯ ಜಾಗ್ವಾರ್ ವಿಮಾನಗಳ ಒಡಲುಗಳನ್ನು ನಮಗೆ ಕೊಡಲೊಪ್ಪಿದ ಸುದ್ದಿಯು 2018ರಲ್ಲಿ ಬಂದಿತು. ಬ್ರಿಟನ್ನು ಮತ್ತು ಓಮಾನುಗಳಿಂದಲೂ ಬಿಡಿಭಾಗಗಳನ್ನು ಪಡೆಯುವ ಮಾತು ಆಗಲೇ ನಡೆದಿತ್ತು. 2025ರ ಕೊನೆಯಲ್ಲಿ ಓಮಾನಿನ ಇನ್ನಷ್ಟು ಜಾಗ್ವಾರ್‌ಗಳು ಇದೇ ಉದ್ದೇಶಕ್ಕಾಗಿ ಬರಲಿವೆಯೆಂದು ವರದಿಯಾಯಿತು. ಇದನ್ನು ಗುಜರಿ ವ್ಯಾಪಾರವೆಂದು ಹಳಿಯುವವರ ಮಾತನ್ನು ನಾವು ಒಪ್ಪಲಾರೆವು. ಆದರೆ ಇಂಥ ವ್ಯಾಪಾರದ ಅಗತ್ಯವು ಏಕೆ ಬಂದಿತೆಂಬುದನ್ನು ವಿಚಾರಿಸದೆ ಬಿಡುವಂತೆಯೂ ಇಲ್ಲ.

ಜಾಗ್ವಾರ್ ವಿಮಾನವು ಬ್ರಿಟನ್ನು ಮತ್ತು ಫ್ರಾನ್ಸುಗಳ ಜಂಟಿ ನಿರ್ಮಾಣ. 1968ರಲ್ಲಿ ಅದು ಮೊದಲು ಹಾರಿತು. ನೆಲಕ್ಕೆ ಸಮೀಪದಲ್ಲಿ ಅತಿ ವೇಗದಿಂದ ಸಾಗಿ, ಶತ್ರುವಿನ ರೇಡಾರಿನ ಕಣ್ತಪ್ಪಿಸಿ, ಅವನ ನೆಲೆಗಳ ಮೇಲೆ ಬಾಂಬು ಹಾಕುವುದೇ ಅದರ ಕಾರ್ಯ. ಭಾರತವು ಅದನ್ನು 1978ರಲ್ಲಿ ಆರಿಸಿತು; 1979ರ ಜುಲೈಯಲ್ಲಿ ಮೊದಲ ವಿಮಾನಗಳು ಅಂಬಾಲೆಗೆ ಬಂದಿಳಿದುವು. ‘ಶಂಶೇರ್’ ಎಂಬ ಹೆಸರನ್ನು ಪಡೆದ ಈ ವಿಮಾನಗಳನ್ನು ಅನಂತರ ಬೆಂಗಳೂರಿನ ಹಿಂದುಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿಯೇ ಪರವಾನಗಿಯ ಮೇಲೆ ನಿರ್ಮಿಸಲಾಯಿತು. ನಮ್ಮ ನಾಡಿನ ಸಾವಿರಾರು ಕುಶಲಕರ್ಮಿಗಳ ಶ್ರಮವು ಅದರಲ್ಲಿದೆ.

ಫ್ರಾನ್ಸು 2005ರಲ್ಲಿಯೂ, ಬ್ರಿಟನ್ನು 2007ರಲ್ಲಿಯೂ, ಓಮಾನು 2014ರಲ್ಲಿಯೂ ಅದನ್ನು ನಿವೃತ್ತಿಗೊಳಿಸಿದುವು. ಇಂದು ಅದನ್ನು ಯುದ್ಧಕ್ಕಾಗಿ ಹಾರಿಸುತ್ತಿರುವ ದೇಶವು ಭಾರತವೊಂದೇ. ಕೊಳ್ಳುವವನೊಬ್ಬನೇ ಉಳಿದಾಗ, ಅವನೊಬ್ಬನಿಗಾಗಿ ಒಂದು ಕವಾಟವನ್ನೋ ಚಕ್ರದ ಬೇರಿಂಗನ್ನೋ ಮಾಡಿಕೊಡಲು ಯಾವ ಕಂಪನಿಯು ಯಂತ್ರಗಳನ್ನು ಮರಳಿ ಹೂಡೀತು? ಹೋಟೆಲಿನಲ್ಲಿ ದುಡಿಯುವ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಯಾರಿಸಿದ ಕಾರ್ಖಾನೆಯೇ ಮುಚ್ಚಿಹೋದ ರುಬ್ಬುವ ಯಂತ್ರವು ಕೆಟ್ಟಾಗ, ಅದೇ ಮಾದರಿಯ ಇನ್ನೊಂದನ್ನು ಎಲ್ಲಿಂದಲಾದರೂ ಹುಡುಕಿ ತಂದು ಬಿಚ್ಚದೆ ಮಾಲಿಕನಿಗೆ ಬೇರೆ ಉಪಾಯವಿರುವುದಿಲ್ಲ. ವಿಮಾನದ ವಿಷಯದಲ್ಲಾದರೋ ಬಿಚ್ಚಿದ ಭಾಗವು ಎಷ್ಟು ಗಂಟೆ ಹಾರಿದೆಯೆಂಬ ಲೆಕ್ಕವಿರಬೇಕು, ಕಣ್ಣಿಗೆ ಕಾಣದ ಬಿರುಕುಗಳಿಗಾಗಿ ಅದನ್ನು ಪರೀಕ್ಷಿಸಬೇಕು. ನೆಲದ ಸಮೀಪದ ಒರಟು ಗಾಳಿಯಲ್ಲಿ ದಶಕಗಳ ಕಾಲ ಹಾರಿದ ಲೋಹವು ದಣಿದಿರುತ್ತದೆ.

ಒಡಲಿಗಿಂತಲೂ ಎಂಜಿನಿನ ಕಥೆಯು ಹೆಚ್ಚು ಖೇದಕರವಾದುದು. ಜಾಗ್ವಾರಿನ ಎರಡು ‘ಅಡೂರ್’ ಎಂಜಿನುಗಳ ಬಲವು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹೊಸ ರೇಡಾರು, ಹೊಸ ಆಯುಧಗಳು ಸೇರಿದಂತೆ ವಿಮಾನದ ಭಾರವು ಏರಿತು, ಬಲವು ಏರಲಿಲ್ಲ. ಅಮೆರಿಕದ ಹನಿವೆಲ್ ಕಂಪನಿಯ ಎಂಜಿನನ್ನು ಅಳವಡಿಸುವ ಯೋಜನೆಯು ವರ್ಷಗಟ್ಟಲೆ ಚರ್ಚೆಯಲ್ಲಿದ್ದು, ವೆಚ್ಚವು ಬೆಳೆದು, 2019ರಲ್ಲಿ ಕೈಬಿಟ್ಟುಹೋಯಿತು. ಬೇಗ ನಿರ್ಧರಿಸಿದ್ದರೆ ಇಷ್ಟು ವೆಚ್ಚವಾಗುತ್ತಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

2025ರಲ್ಲಿ ಮೂರು ಜಾಗ್ವಾರ್‌ಗಳು ಬಿದ್ದುವು: ಮಾರ್ಚಿಯಲ್ಲಿ ಹರಿಯಾಣದಲ್ಲಿ, ಏಪ್ರಿಲಿನಲ್ಲಿ ಜಾಮನಗರದ ಬಳಿ, ಜುಲೈಯಲ್ಲಿ ರಾಜಸ್ಥಾನದ ಚೂರೂ ಜಿಲ್ಲೆಯಲ್ಲಿ. ಒಟ್ಟು ಮೂವರು ತರುಣ ವೈಮಾನಿಕರು ಮಡಿದರು. ಈ ಅಪಘಾತಗಳಿಗೆ ಬಿಡಿಭಾಗಗಳ ಕೊರತೆಯೇ ಕಾರಣವೆಂದು ಹೇಳುವ ಅಧಿಕಾರವು ನಮಗಿಲ್ಲ. ಅದು ತನಿಖೆ ನಡೆಸುವವರ ಕೆಲಸ. ಆದರೆ ಮಾರ್ಚಿ ಮತ್ತು ಏಪ್ರಿಲಿನ ಪ್ರಸಂಗಗಳಲ್ಲಿ ಯಾಂತ್ರಿಕ ದೋಷವುಂಟಾಯಿತೆಂದು ವಾಯುದಳವೇ ತಿಳಿಸಿದೆ.

ಹಾಗಾದರೆ ಇವುಗಳನ್ನು ಕೂಡಲೇ ನಿಲ್ಲಿಸಬಾರದೇಕೆ? ವಾಯುದಳಕ್ಕೆ ಮಂಜೂರಾದ ಸ್ಕ್ವಾಡ್ರನ್ನುಗಳು 42. 2025ರ ಸೆಪ್ಟೆಂಬರಿನಲ್ಲಿ ಮಿಗ್-21 ವಿಮಾನಗಳು ನಿವೃತ್ತವಾದ ಮೇಲೆ ಉಳಿದುವು 29. ಅಂಬಾಲೆ, ಜಾಮನಗರ, ಗೋರಖಪುರಗಳ ಆರು ಜಾಗ್ವಾರ್ ಸ್ಕ್ವಾಡ್ರನ್ನುಗಳನ್ನೂ ಕಳೆದರೆ ಉಳಿಯುವುದೆಷ್ಟೆಂದು ವಾಚಕರೇ ಎಣಿಸಬಹುದು. ವಾಯುದಳಕ್ಕೆ ಹೊಸ ಬಲವನ್ನು ತರಬೇಕಾದ ತೇಜಸ್ ಮಾರ್ಕ್-1ಎ ವಿಮಾನಗಳ ಪೈಕಿ 83ಕ್ಕೆ 2021ರಲ್ಲಿಯೇ ಕರಾರಾಯಿತು; ಅವು 2024ರಿಂದ ಬರಬೇಕಾಗಿತ್ತು. ಬೆಂಗಳೂರಿನಲ್ಲಿ ಒಡಲುಗಳು ಸಿದ್ಧವಾಗುತ್ತಿದ್ದರೂ, ಅಮೆರಿಕದ ಎಂಜಿನುಗಳಲ್ಲಿ ಮೊದಲನೆಯದು ಹಸ್ತಾಂತರವಾದದ್ದು 2025ರ ಮಾರ್ಚಿಯಲ್ಲಿ.